ಹೆಬ್ಬೆರಳಿಗೆ ಸುಣ್ಣ

ಕಾರಟಗಿಯಿಂದ ಗಂಗಾವತಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಮಗ್ಗುಲಿಗೆ ಅಂಟಿಕೊಂಡಂತಿರುವ ಕ್ಯಾಂಪ್ ಎಂದು ಕರೆಯುವ ಒಂದು ಸಣ್ಣ ಊರಿನಲ್ಲಿ ಕಳಕಮ್ಮ ಎಂಬ ಹೆಂಗಸು ಇದ್ದಾಳೆ. ಭತ್ತದ ಸಸಿ ನಾಟಿ ಮಾಡುವ ಹೆಣ್ಣಾಳುಗಳ ಗುಂಪಿಗೆ ಅವಳೇ ಮುಂದಾಳು. ಯಾವತ್ತು ಯಾರ ಗದ್ದೆಗೆ ಹೋಗಬೇಕು, ಯಾರು ಯಾವ ಸಾಲು ಹಿಡಿಯಬೇಕು, ಬುತ್ತಿ ಯಾವಾಗ ಬಿಚ್ಚಬೇಕು, ಎಲ್ಲವೂ ಅವಳ ಬಾಯಿಂದಲೇ ಬರಬೇಕು. ಆ ಬಾಯಿಯೂ ಅಂಥಾದ್ದೇ. ಅವಳು ಈ ದಂಡೆಯಲ್ಲಿ ಕೂಗಿದರೆ ಆ ದಂಡೆಯಲ್ಲಿ ಮೇಯುವ ಎಮ್ಮೆ ತಲೆಯೆತ್ತಿ ನೋಡುತ್ತದೆ.

ಒಬ್ಬೊಬ್ಬರಿಗೆ ಒಂದೊಂದರ ಹೆಮ್ಮೆ. ಕೆಲವರಿಗೆ ಬಂಗಾರದ್ದು, ಕೆಲವರಿಗೆ ಮಗನ ನೌಕರಿಯದ್ದು. ಕಳಕಮ್ಮನಿಗೆ ಒಂದಕ್ಕೆ ಹೋಗದೆ ತಡೆದುಕೊಳ್ಳುವುದರದ್ದು. ನಸುಕಿನಲ್ಲಿ ಮನೆಯಲ್ಲಿ ಹೋಗಿ ಬಂದು ಗದ್ದೆಗೆ ಇಳಿದಳೆಂದರೆ ಮತ್ತೆ ಆ ಮಾತು ಸಂಜೆ ಮನೆ ಸೇರಿದ ಮೇಲೆಯೇ. ತನ್ನ ಗುಂಪಿನವರೂ ಹಾಗೇ ಇರಬೇಕೆಂದು ಅವಳ ಕಟ್ಟಪ್ಪಣೆ. ಯಾರಾದರೂ ನಡುವೆ ಸೊಂಟ ನೆಟ್ಟಗೆ ಮಾಡಿ ಆಚೀಚೆ ನೋಡಿದರೆ ಸಾಕು, "ಏನವ್ವಾ, ನಿನ್ನ ಹೊಟ್ಟ್ಯಾಗ ಏನು ಕಾಲುವಿ ಹರೀತೈತೇನು?" ಎಂದು ಎಲ್ಲರೆದುರು ಕೇಳಿಬಿಡುವಳು. ಕೇಳಿಸಿಕೊಂಡವಳು ಮತ್ತೆ ಬಗ್ಗಿ ಸಸಿ ಊರುವಳು.

"ನನ್ನ ಗುಂಪಿನಾಗ ಒಬ್ಬಾಕಿನೂ ನಡುವ ಎದ್ದು ಹೋಗಂಗಿಲ್ಲ ನೋಡ್ರಿ," ಎಂದು ಗದ್ದೆಯ ಒಡೆಯ ಪ್ರಭುರಾಜನ ಮುಂದೆ ಹೇಳುವಾಗ ಅವಳ ಮುಖ ಅರಳುತ್ತಿತ್ತು. ಪ್ರಭುರಾಜ ಮೆಚ್ಚಿ ತಲೆದೂಗುತ್ತಿದ್ದ. ಯಾಕೆ ತೂಗಬಾರದು? ಅವನು ಬೈಕನ್ನು ಬದುವಿನ ಮೇಲೆ ನಿಲ್ಲಿಸಿ, ಕಾಲುವೆಗೆ ಮುಖ ಮಾಡಿ ನಿಂತು, ಹಾಡು ಗುನುಗುತ್ತಾ ತನ್ನ ಕೆಲಸ ಮುಗಿಸಿಕೊಂಡು ಬರುವವನು. ಗಂಡಸಾಗಿ ಹುಟ್ಟಿದವನಿಗೆ ಎಲ್ಲಿ ಬೆನ್ನು ತಿರುಗಿಸಿದರೂ ಅದೇ ಮರೆ.

ಹೆಂಗಸರಿಗೆ ಆ ಸೀಮೆಯಲ್ಲಿ ಮರೆಯೇ ಇಲ್ಲ. ಕಣ್ಣು ಹಾಯುವಷ್ಟು ದೂರ ಚಪ್ಪಟೆ ಗದ್ದೆ, ಗದ್ದೆ ತುಂಬ ನೀರು, ಬದುವಿನ ಮೇಲೆ ಗೇಣುದ್ದದ ಹುಲ್ಲು, ಕಾಲುವೆಯ ದಂಡೆ ಮೇಲೆ ಹಗಲೆಲ್ಲ ಓಡಾಡುವ ಟ್ರ್ಯಾಕ್ಟರು. ಮೂಲೆಯಲ್ಲಿ ನೀರೆತ್ತುವ ಮೋಟರಿಗೆ ಮಾತ್ರ ತಗಡಿನ ಮನೆ ಇತ್ತು, ಬಿಸಿಲು ತಾಗಬಾರದೆಂದು ಮೇಲೆ ತೆಂಗಿನ ಗರಿ ಹೊದಿಸಿ, ಬಾಗಿಲಿಗೆ ಬೀಗ ಹಾಕಿದ್ದರು. ಆದ್ದರಿಂದ ಹೆಂಗಸರು ಉಳಿದದ್ದೊಂದೇ ಉಪಾಯ ಕಂಡುಕೊಂಡಿದ್ದರು: ನೀರು ಕುಡಿಯದೇ ಇರುವುದು. ಮೊಣಕಾಲಿನ ತನಕ ತುಂಗಭದ್ರೆಯ ನೀರಿನಲ್ಲಿ ನಿಂತು, ನಾಲಿಗೆ ಒಣಗಿಸಿಕೊಂಡು ಸಂಜೆ ಮಾಡುವುದು.

ಕಳಕಮ್ಮನ ಸೊಸೆ ಶಾಂಭವಿ ಕುಷ್ಟಗಿ ಕಡೆಯ ಒಣಭೂಮಿಯಿಂದ ಬಂದವಳು. ಮದುವೆಯಾಗಿ ಬಂದ ಮೊದಲ ವರ್ಷ ಗದ್ದೆಗಿಳಿದು ಸುತ್ತ ನೋಡಿ, "ನಮ್ಮ ಕಡೆ ನೀರಿಲ್ಲ ಅನ್ನೋದು ಖರೇರಿ ಅತ್ತಿ. ಆದ್ರ ಹೊಲಕ್ಕೊಂದು ಜಾಲಿ ಕಂಟಿ ಆದ್ರೂ ಐತಿ," ಎಂದಿದ್ದಳು. ಭತ್ತದ ಸೀಮೆಗೆ ಬಂದು ಜಾಲಿ ಪೊದೆಯ ಗುಣಗಾನ ಮಾಡುವ ಸೊಸೆಯನ್ನು ಕಳಕಮ್ಮ ಮೇಲಿಂದ ಕೆಳಗೆ ನೋಡಿ ಮೂಗು ಮುರಿದಿದ್ದಳು.

ಇಷ್ಟು ತಡೆದುಕೊಂಡರೆ ಆಗುವುದು ಆಗಿಯೇ ಆಗುತ್ತದೆ. ಗುಂಪಿನಲ್ಲಿ ಇವತ್ತು ಇವಳಿಗೆ, ನಾಳೆ ಅವಳಿಗೆ ಒಂದಕ್ಕೆ ಹೋದರೆ ಉರಿ. ಅದಕ್ಕೆ ಕಳಕಮ್ಮನ ಹತ್ತಿರ ಒಂದು ಹೆಸರಿತ್ತು, ಉಷ್ಣ. ಒಂದು ಔಷಧಿಯೂ ಇತ್ತು. ಗಂಡ ದೊಡ್ಡಬಸಪ್ಪನ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಕಾಲಿನ ಹೆಬ್ಬೆರಳ ಉಗುರಿಗೆ ದಪ್ಪಗೆ ಮೆತ್ತುವುದು. ಕಾಲ ಬೆರಳಿಗೂ ಆ ಜಾಗಕ್ಕೂ ಏನು ನಂಟು ಎಂದು ಕೇಳಬಾರದು. ಅವಳ ಅವ್ವ ಹಚ್ಚುತ್ತಿದ್ದಳು, ಅವ್ವನ ಅವ್ವ ಹಚ್ಚುತ್ತಿದ್ದಳು, ಅಷ್ಟೇ. ಮರುದಿನ ಗದ್ದೆಗಿಳಿದರೆ ಕೆಸರಿನಲ್ಲಿ ಸುಣ್ಣ ತೊಳೆದು ಹೋಗುವುದು. ಉರಿ ನಿಲ್ಲದಿದ್ದರೆ ತಪ್ಪು ಕೆಸರಿನದು, ಸುಣ್ಣದ್ದಲ್ಲ. ನಿಂತರೆ ಮಾತ್ರ ಕೀರ್ತಿ ಸುಣ್ಣಕ್ಕೆ ಮತ್ತು ಕಳಕಮ್ಮನಿಗೆ. ಇಂಥ ಔಷಧಿಗೆ ಸೋಲೆಂಬುದೇ ಇಲ್ಲ.

ಇದಕ್ಕಾಗಿ ದವಾಖಾನೆಗೆ ಹೋಗುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಅಂಥಾ ರೋಗ ಅಂಥವರಿಗೇ ಬರ್ತಾವ. ಮಾನ ಇದ್ದಾಕಿ ಡಾಕ್ಟರ್ ಮುಂದ ಹೋಗಿ ಅದನ್ನ ಹ್ಯಾಂಗ ಹೇಳ್ತಾಳ?" ಎನ್ನುವಳು. ಅಂಥವರು ಎಂದರೆ ಎಂಥವರು ಎಂದು ಅವಳು ಬಿಡಿಸಿ ಹೇಳುತ್ತಿರಲಿಲ್ಲ. ಬಿಡಿಸಿ ಹೇಳದ್ದರಿಂದಲೇ ಆ ಮಾತು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಹೋದ ವರ್ಷದ ನಾಟಿಯಲ್ಲಿ ಶಾಂಭವಿಗೇ ಉರಿ ಬಂತು. ಅತ್ತೆ ಸುಣ್ಣ ಹಚ್ಚಿದಳು. ಸೊಸೆ ಎದುರಾಡಲಿಲ್ಲ. ಮುಂದೆ ಕೆಲವು ದಿನ ತಾನೇ ಬೆಳಗ್ಗೆ ಎದ್ದು, ಮುಖ ತೊಳೆದು, ಅಚ್ಚುಕಟ್ಟಾಗಿ ಹೆಬ್ಬೆರಳಿಗೆ ಸುಣ್ಣ ಬಳಿದುಕೊಂಡು ಅತ್ತೆಯ ಕಣ್ಣಿಗೆ ಬೀಳುವಂತೆ ಕಾಲು ಚಾಚಿ ಅಕ್ಕಿ ಆರಿಸುತ್ತ ಕೂತಳು. ವಾರ ತುಂಬುವುದರೊಳಗೆ ಪೂರಾ ಆರಾಮಾದಳು. ಕಳಕಮ್ಮನಿಗೆ ಇನ್ನೇನು ಬೇಕು? ಅಂದಿನಿಂದ ಓಣಿಯಲ್ಲಿ ಯಾರು ಅನುಮಾನ ತೆಗೆದರೂ, "ನಮ್ಮ ಸೊಸಿನ್ನ ಕೇಳ್ರಿ ಬೇಕಾದ್ರ, ಎಸ್ಸೆಸ್ಸೆಲ್ಸಿ ಓದ್ಯಾಳ," ಎಂದು ಬಾಯಿ ಮುಚ್ಚಿಸುವಳು. ಶಾಂಭವಿ ಆಗೆಲ್ಲ ತಲೆ ತಗ್ಗಿಸಿ ನಗುತ್ತಿದ್ದಳು. ಸೊಸೆಗೆ ನಾಚಿಕೆ ಹೆಚ್ಚು ಎಂದು ಅತ್ತೆ ತಿಳಿದಿದ್ದಳು.

ಈ ವರ್ಷ ಮಳೆ ತಡವಾಗಿ, ಕಾಲುವೆಗೆ ನೀರು ಬಿಟ್ಟ ಕೂಡಲೇ ಎಲ್ಲರಿಗೂ ಒಮ್ಮೆಲೇ ನಾಟಿಯ ಅವಸರ. ಆ ಅವಸರದಲ್ಲಿ ಕಳಕಮ್ಮನ ಹೆಮ್ಮೆಗೇ ಕನ್ನ ಬಿತ್ತು. ಮೊದಲು ಪದೇ ಪದೇ ಹೋಗಬೇಕೆನ್ನಿಸತೊಡಗಿತು. ಹೋದರೆ ನಾಲ್ಕು ಹನಿ, ಆ ನಾಲ್ಕು ಹನಿಗೂ ಕೆಂಡ ತುಳಿದಂಥ ಉರಿ. ಮೂತ್ರ ಕದಡಿದ ಹಾಗೆ ಕಾಣುತ್ತಿತ್ತು, ಕೆಟ್ಟ ವಾಸನೆ. ಕಿಬ್ಬೊಟ್ಟೆಯಲ್ಲಿ ಸದಾ ನೋವು. ಇಷ್ಟೆಲ್ಲ ದೇಹ ಕೂಗಿ ಕೂಗಿ ಹೇಳುತ್ತಿದ್ದರೂ ಅವಳು ಮಾಡಿದ್ದು ಏನು? ಇದ್ದ ನೀರನ್ನೂ ಬಿಟ್ಟಳು. ಹೋದರೆ ತಾನೆ ಉರಿ, ಕುಡಿದರೆ ತಾನೆ ಹೋಗುವುದು ಎಂಬ ಲೆಕ್ಕ. ಉರಿಯುವ ಒಲೆಗೆ ಕಟ್ಟಿಗೆ ತುರುಕುವ ಕೆಲಸ ಅದು ಎಂದು ಅವಳಿಗೆ ಹೇಳುವ ಧೈರ್ಯ ಯಾರಿಗಿತ್ತು, ಹೇಳಲು ಯಾರಿಗೆ ಗೊತ್ತಿತ್ತು?

ಗಂಡನ ಡಬ್ಬಿಯಿಂದ ಕದ್ದು ಸುಣ್ಣ ಹಚ್ಚಿಕೊಂಡಳು. ಆಗ ಹೊಸ ಸಂಕಟ ಶುರುವಾಯಿತು. ಊರಿನ ಹೆಂಗಸರ ಬೆರಳನ್ನೆಲ್ಲ ಬೆಳ್ಳಗೆ ಮಾಡಿದವಳ ಬೆರಳೇ ಬೆಳ್ಳಗಾದರೆ ಓಣಿ ಏನೆಂದೀತು? ಅಂಥಾ ರೋಗ ಅಂಥವರಿಗೇ ಬರುತ್ತದೆ ಎಂದವಳು ತಾನೇ ಅಲ್ಲವೇ? ಹಾಗಾಗಿ ಕಳಕಮ್ಮ ಮಗನ ಹಳೆಯ ಕಾಲುಚೀಲ ಹುಡುಕಿ ಹಾಕಿಕೊಂಡಳು. ಗಂಗಾವತಿ ಸೀಮೆಯ ಧಗೆಯಲ್ಲಿ, ಹವಾಯಿ ಚಪ್ಪಲಿಯ ಮೇಲೆ, ಸೀರೆಯ ಕೆಳಗೆ ನೀಲಿ ಕಾಲುಚೀಲ. ಕೇಳಿದವರಿಗೆ, "ಹಿಮ್ಮಡ ಒಡದಾವ," ಎಂದಳು. ಜೀವ ಹೋದರೂ ಸರಿ, ಹೆಬ್ಬೆರಳಿನ ಗುಟ್ಟು ಹೋಗಬಾರದು.

ಅದೇ ಕಾಲುಚೀಲದಲ್ಲಿ ಕೂತುಕೊಂಡೇ ಅವಳು ಹುಲಗಮ್ಮನ ಬೆರಳಿಗೆ ಸುಣ್ಣ ಹಚ್ಚಿದ್ದು. ಹುಲಗಮ್ಮ ಗುಂಪಿನಲ್ಲೇ ಚಿಕ್ಕವಳು, ಮೊದಲ ಬಸುರಿ. ಕಳಕಮ್ಮ ಹೇಳಿದ್ದೇ ಅವಳಿಗೆ ವೇದ. ಉರಿ ಎಂದು ಅಳುತ್ತ ಬಂದವಳಿಗೆ, "ಬಸುರಿದ್ದಾಗ ಉಷ್ಣ ಇದ್ದದ್ದ ನಮ್ಮವ್ವಾ, ದವಾಖಾನಿಗೆ ಹೋಗಿ ಮಾನ ಕಳಕೋಬ್ಯಾಡ," ಎಂದು ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಮೆತ್ತಿ ಕಳಿಸಿದಳು. ತನಗೆ ಅದೇ ಸುಣ್ಣ ಗುಣ ಕೊಟ್ಟಿಲ್ಲವೆಂಬುದು ಆಗ ಅವಳ ಮನಸ್ಸಿಗೆ ಬರಲಿಲ್ಲವೇ ಎಂದರೆ, ಬಂತು. ಬಂದದ್ದನ್ನು ಅತ್ತ ತಳ್ಳಿದಳು.

ಎರಡು ದಿನಕ್ಕೆ ಸುಡುಬಿಸಿಲಿನಲ್ಲಿ, ನಾಟಿಯ ಸಾಲಿನಲ್ಲೇ ಕಳಕಮ್ಮನಿಗೆ ಹಲ್ಲು ಕಟಕಟ ಎನ್ನುವಂಥ ಚಳಿ ಬಂತು. ಮೈ ಕಾದ ಹಂಚು. ಒಂದು ಮಗ್ಗುಲ ಬೆನ್ನಿನಲ್ಲಿ, ಪಕ್ಕೆಲುಬಿನ ಕೆಳಗೆ, ಯಾರೋ ಒನಕೆಯಲ್ಲಿ ಕುಟ್ಟಿದಂತೆ ನೋವು. ಬಾಯಿಗಿಟ್ಟ ರೊಟ್ಟಿ ಒಳಗಿಳಿಯದೆ ವಾಂತಿಯಾಯಿತು. ಮನೆಗೆ ಬಂದು ಕೌದಿ ಹೊದ್ದು ಬಿದ್ದುಕೊಂಡಳು. ದೊಡ್ಡಬಸಪ್ಪ ಗಾಬರಿಯಾಗಿ ಔಷಧಿ ಅಂಗಡಿಗೆ ಓಡಿ ಜ್ವರದ ಗುಳಿಗೆ ತಂದ. ಪಾಪ, ಅವನಿಗೆ ಗೊತ್ತಿದ್ದದ್ದು ಜ್ವರ ಮಾತ್ರ. ಹೆಂಡತಿಗೆ ಎಲ್ಲಿ ನೋವೆಂದು ಅವನು ಕೇಳಿದರೆ, "ಸೊಂಟ. ನಾಟಿ ಮಾಡೋರಿಗೆ ಇದ್ದದ್ದ," ಎಂದು ಗೋಡೆಗೆ ಹೊರಳಿದಳು.

ಸಂಜೆ ಶಾಂಭವಿ ಅತ್ತೆಯ ಕಾಲು ತಿಕ್ಕಲು ಕೂತು ಕಾಲುಚೀಲ ಎಳೆದಳು. ಹೆಬ್ಬೆರಳ ತುಂಬ ಸುಣ್ಣ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತಳು.

"ಅತ್ತಿ, ಯಾವಾಗಿಂದ ಉರಿ ಐತ್ರಿ?"

"ಉರಿ ಇಲ್ಲ, ಏನಿಲ್ಲ. ಇದ್ರೂ ಸುಣ್ಣ ಹಚ್ಚೇನಿ. ನಿನಗ ಆರಾಮ ಆಗ್ಲಿಲ್ಲೇನು?"

"ಸುಣ್ಣದಿಂದ ನನಗ ಆರಾಮ ಆಗ್ಲಿಲ್ರಿ ಅತ್ತಿ," ಎಂದು ಶಾಂಭವಿ ಅಳುವ ದನಿಯಲ್ಲಿ ಹೇಳಿದಳು. "ಕೈಗೆ ಬಳೆ ಇಡಿಸಿಕೊಂಡು ಬರ್ತೀನಂತ ಹೇಳಿ ಗಂಗಾವತಿ ದೊಡ್ಡ ದವಾಖಾನಿಗೆ ಹೋಗಿದ್ದೆ. ಮೂತ್ರ ಪರೀಕ್ಷಾ ಮಾಡಿ ಗುಳಿಗಿ ಕೊಟ್ರು. ಮೆಂತೆ ಡಬ್ಬ್ಯಾಗ ಮುಚ್ಚಿಟ್ಟು ಪೂರಾ ತಗೊಂಡೆ. ನೀವು ಬೈತೀರಂತ ಮ್ಯಾಲೆ ಸುಣ್ಣ ಬಳಕೋತಿದ್ದೆ."

ಕಳಕಮ್ಮ ಕಣ್ಣು ತೆರೆದಳು. ಒಂದು ವರ್ಷದಿಂದ ಊರ ತುಂಬ ಎದೆ ತಟ್ಟಿ ಹೇಳಿಕೊಂಡ ಸಾಕ್ಷಿ, ಮೆಂತೆ ಡಬ್ಬಿಯಲ್ಲಿ ಮುಚ್ಚಿಟ್ಟ ಗುಳಿಗೆಯಾಗಿತ್ತು. ಎದ್ದು ಕೂಡಲಾರದವಳು ಎದ್ದು ಕೂತಳು. ಆಟೋ ತರಿಸು ಎಂದಳು. ಜ್ವರಕ್ಕಲ್ಲ, ಸಿಟ್ಟಿಗೆ. ತನ್ನ ಬೆನ್ನ ಹಿಂದೆ ತನ್ನ ಸೊಸೆಗೆ ಗುಳಿಗೆ ಕೊಟ್ಟ ಡಾಕ್ಟರನ್ನು ನಾಲ್ಕು ಮಾತು ಕೇಳಿಯೇ ಸಾಯುತ್ತೇನೆಂದು ಹೊರಟಳು. ಹೇಗಾದರೂ ಹೊರಟಳಲ್ಲ, ಶಾಂಭವಿಗೆ ಅಷ್ಟೇ ಬೇಕಿತ್ತು.

ಡಾಕ್ಟರ್ ಮುಮ್ತಾಜಬೇಗಂ ಅವಳಿಗೆ ಆ ನಾಲ್ಕು ಮಾತಿಗೆ ಎಡೆಯನ್ನೇ ಕೊಡಲಿಲ್ಲ. ಬೆನ್ನಿನ ಆ ಮಗ್ಗುಲಿಗೆ ಮೆಲ್ಲಗೆ ತಟ್ಟಿದ್ದೇ ತಡ ಕಳಕಮ್ಮ ಚಿಟ್ಟನೆ ಚೀರಿದಳು. ಮೂತ್ರ, ರಕ್ತ ಪರೀಕ್ಷೆಗೆ ಹೋದವು. ಅವಳನ್ನು ಮಂಚಕ್ಕೆ ಹಾಕಿ ಸಲಾಯಿನ್ ಏರಿಸಿದರು.

"ಯಾಕ ಇಷ್ಟು ದಿನ ಬಿಟ್ರಿ?" ಎಂದು ಡಾಕ್ಟರಮ್ಮ ಮರುದಿನ ಕೇಳಿದಳು. "ಉರಿ, ಪದೇ ಪದೇ ಹೋಗೋದು, ಕಿಬ್ಬೊಟ್ಟಿ ನೋವು ಬಂದಾಗ ಬಂದಿದ್ರ ಗುಳಿಗ್ಯಾಗ ಮುಗೀತಿತ್ತು. ಸೋಂಕು ಮ್ಯಾಲೆ ಹತ್ತಿ ಕಿಡ್ನಿಗೆ ಹೋಗೇತಿ. ಚಳಿಜ್ವರ, ಬೆನ್ನು ನೋವು, ವಾಂತಿ ಬಂತಂದ್ರ ಒಂದು ದಿನಾನೂ ಕಾಯಬಾರದು. ಇನ್ನಷ್ಟು ತಡ ಮಾಡಿದ್ರ ರಕ್ತಕ್ಕ ಸೇರಿ ಜೀವಕ್ಕ ಬರ್ತಿತ್ತು. ಬಸುರಿ ಹೆಂಗಸರಂತೂ ಬರೇ ಉರಿ ಇದ್ರೂ ಸೈತ ಅವತ್ತ ಬರಬೇಕು, ಕೂಸಿಗೂ ಅಪಾಯ."

"ಉಷ್ಣ ಅಂತ ಮಾಡಿದ್ದೆ," ಎಂದಳು ಕಳಕಮ್ಮ, ಹುಟ್ಟಿದಂದಿನಿಂದ ಮೊದಲ ಸಲ ಸಣ್ಣ ದನಿಯಲ್ಲಿ. ಮತ್ತೆ, "ಇದು ನಡತಿ ಕೆಟ್ಟವರಿಗೆ ಬರೋದಲ್ಲೇನ್ರಿ?" ಎಂದು ಕೇಳಿದಳು.

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದಳು. "ಇದು ಕಣ್ಣಿಗೆ ಕಾಣದ ಹುಳದಿಂದ ಬರೋದು. ನಡತಿಗೂ ಇದಕ್ಕೂ ಸಂಬಂಧ ಇಲ್ಲ. ಹೆಂಗಸರ ಮೈ ಇರೋದ ಹಂಗ, ಅವರಿಗೆ ಜಲ್ದಿ ಹತ್ತೈತಿ. ನೀರು ಕುಡೀದ, ತಾಸುಗಟ್ಟಲೆ ತಡಕೊಂಡು ಕುಂತ್ರ ಇನ್ನೂ ಜಲ್ದಿ."

ಮೂರನೆಯ ದಿನ ಜ್ವರ ಇಳಿಯಿತು. ನಾಟಿಗೆ ಬಿಡುವು ಮಾಡಿಕೊಂಡು ಗುಂಪಿನ ಹೆಂಗಸರೆಲ್ಲ ಮುಂದಾಳನ್ನು ನೋಡಲು ಬಂದರು. ಏನಾಗಿತ್ತು ಎಂಬುದು ಆಗಲೇ ಎಲ್ಲರಿಗೂ ಗೊತ್ತಾಗಿತ್ತು. ದೊಡ್ಡಬಸಪ್ಪ ಎಲೆ ಹಾಕಿಕೊಳ್ಳುತ್ತ ಕೂತ ಕಟ್ಟೆಯಲ್ಲೆಲ್ಲ ಹೇಳಿದ್ದ. ಬಂದವರಲ್ಲಿ ಶಾಹಜಾದಬಿ ಮಂಚದ ಕಾಲ ಬಳಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

"ಯಾಕ ನಗ್ತಿ?"

"ಏನಿಲ್ಲಕ್ಕಾ. ನಾನೂ ಇಲ್ಲೇ ಗುಳಿಗಿ ತಗೊಂಡಿದ್ದೆ. ಸುಣ್ಣ ನಿನಗ, ಗುಳಿಗಿ ನನಗ."

ಒಬ್ಬಳು ಬಾಯಿ ಬಿಟ್ಟದ್ದೇ ತಡ, ಮತ್ತೊಬ್ಬಳು ತಾನೂ ಎಂದಳು, ಅವಳ ಹಿಂದೆ ಇನ್ನೊಬ್ಬಳು. ಒಬ್ಬಳು ಕಾರಟಗಿಯಲ್ಲಿ ತೋರಿಸಿದ್ದಳು, ಒಬ್ಬಳು ತವರಿಗೆ ಹೋಗುವ ನೆಪ ಮಾಡಿ ಯಲಬುರ್ಗಾದಲ್ಲಿ. ದವಾಖಾನೆಯಿಂದ ಬಂದವರೇ ಮನೆಯಲ್ಲಿ ಸುಣ್ಣ ಬಳಿದುಕೊಂಡು ಮುಂದಾಳಿನ ಎದುರು ಕಾಲು ಚಾಚಿ ಕೂತಿದ್ದರು. ವಾರ್ಡಿನ ತುಂಬ ನಗೆ. ಕಳಕಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇಷ್ಟು ವರ್ಷ ಊರಿಗೆ ಊರೇ ಅವಳ ಮನಸ್ಸು ನೋಯದಂತೆ ಹೆಬ್ಬೆರಳು ಬಿಳಿ ಮಾಡಿಕೊಂಡು ಓಡಾಡಿತ್ತು. ಸುಣ್ಣವನ್ನು ನಿಜವಾಗಿ ನಂಬಿದ ಪೆದ್ದಿ ತಾನೊಬ್ಬಳೇ.

ಒಬ್ಬಳೇ? ಅವಳ ಕಣ್ಣು ಇನ್ನೊಮ್ಮೆ ಮುಖಗಳ ಮೇಲೆ ಹಾದುಹೋಯಿತು.

"ಹುಲಗಿ ಎಲ್ಲಿ?"

"ಅಕಿಗೆ ಆರಾಮಿಲ್ಲಕ್ಕ. ಉರಿ ಕಡಿಮಿ ಆಗಿಲ್ಲಂತ. ನಿನ್ನೆಯಿಂದ ಮೈ ಬೆಚ್ಚಗ ಐತಂತ ಮಲಗ್ಯಾಳ," ಎಂದಳು ಶಾಹಜಾದಬಿ. "ದವಾಖಾನಿಗೆ ಬಾ ಅಂದ್ರ, ಕಳಕಮ್ಮಕ್ಕ ಸುಣ್ಣ ಹಚ್ಚ್ಯಾಳ, ಸಾಕು ಅಂತಾಳ."

ಬಸುರಿ ಹೆಂಗಸರಂತೂ ಅವತ್ತೇ ಬರಬೇಕು. ಡಾಕ್ಟರಮ್ಮನ ಮಾತು ಕಳಕಮ್ಮನ ಎದೆಗೆ ಗುದ್ದಿತು. ಅವಳಿಗೆ ಆದ ಹೆದರಿಕೆ ತನ್ನ ಜ್ವರದಲ್ಲೂ ಆಗಿರಲಿಲ್ಲ. ಸೊಸೆಯ ಕೈಯಿಂದ ಫೋನು ಕಸಿದುಕೊಂಡಳು.

"ಹುಲಗೀ, ಈಗಿಂದೀಗ ಆಟೋ ಮಾಡಿಕೊಂಡು ಗಂಗಾವತಿಗೆ ಬಾ."

"ಯಾಕ್ರಿ ಯಕ್ಕಾ? ನೀವ ಬ್ಯಾಡ ಅಂದಿದ್ರಿ. ಸುಣ್ಣ ಹಚ್ಚೇನ್ರಿ, ದಿನಾ ಹಚ್ಚಾಕ ಹತ್ತೀನಿ. ನಿಮ್ಮ ಸೊಸಿಗೂ ಸುಣ್ಣದಿಂದನ ಆರಾಮ ಆತಲ್ರಿ?"

ಫೋನಿನ ದನಿ ಮಂಚದ ಸುತ್ತ ನಿಂತ ಎಲ್ಲರಿಗೂ ಕೇಳಿಸುತ್ತಿತ್ತು. ಪಕ್ಕದ ಮಂಚದವರೂ ಕಿವಿ ಇತ್ತ ಕೊಟ್ಟಿದ್ದರು. ಕಳಕಮ್ಮನಿಗೆ ಒಂದು ಸುಳ್ಳು ಹೊಳೆಯದೇ ಇರಲಿಲ್ಲ. ಜೀವಮಾನವೆಲ್ಲ ಕೆಸರಿನ ಮೇಲೆ ತಪ್ಪು ಹಾಕಿದವಳಿಗೆ ನೆಪಗಳಿಗೇನು ಬರ?

"ಅಕಿ ಗುಳಿಗಿ ತಗೊಂಡಿದ್ಲು," ಎಂದಳು. "ನನಗ ಅಂಜಿ ಸುಣ್ಣ ಹಚ್ಚಕೊಂಡಿದ್ಲು. ಇಲ್ಲಿ ನಿಂತಾರಲ್ಲ, ಇವರೆಲ್ಲ ಹಂಗ ಮಾಡ್ಯಾರ. ಸುಣ್ಣದಿಂದ ಏನೂ ಆಗಂಗಿಲ್ಲ. ನನಗೂ ಅದ ಆಗಿತ್ತು ಹುಲಗಿ. ಸುಣ್ಣ ನಂಬಿ ಸಾಯಾಕ ಹತ್ತಿದ್ದೆ. ನಿನಗ ಕೈಮುಗೀತೀನಿ, ಬಾ."

ಯಾರೂ ನಗಲಿಲ್ಲ. ಫೋನಿನ ಆಚೆಯಿಂದ ಹುಲಗಮ್ಮ, "ಹೂನ್ರಿ," ಎಂದಳು.

ಅವಳು ಬರುವ ತನಕ ಕಳಕಮ್ಮ ಸುಮ್ಮನೆ ಕೂಡಲಿಲ್ಲ. ನಾಳೆಯಿಂದ ಎಲ್ಲರೂ ನೀರಿನ ಬಾಟಲಿ ತರಬೇಕು, ಎಂದು ಮಂಚದ ಮೇಲಿಂದಲೇ ಹುಕುಂ ಮಾಡಿದಳು. ನೀರು ಕುಡಿದರೆ ಹೋಗುವುದೆಲ್ಲಿಗೆ ಎಂದು ಶಾಹಜಾದಬಿ ಕೇಳಿದಳು. "ಪ್ರಭುರಾಜಪ್ಪಗ ಹೇಳ್ತೀನಿ. ಮೋಟರಿಗೆ ಮನಿ ಕಟ್ಟಿಸ್ಯಾನ, ಅದರ ಮಗ್ಗಲ ನಮಗೂ ನಾಕು ತಗಡು ಮರೆ ಮಾಡ್ಲಿ. ಇಲ್ಲಾಂದ್ರ ಸಸಿ ಅವನೇ ಹಚ್ಚಿಕೊಳ್ಳಲಿ," ಎಂದಳು. ಆ ದನಿ ಕೇಳಿ ಹೆಂಗಸರಿಗೆ ಸಮಾಧಾನವಾಯಿತು. ಮುಂದಾಳು ಬದುಕಿಕೊಂಡಿದ್ದಾಳೆ.

ಮಧ್ಯಾಹ್ನ ಹುಲಗಮ್ಮನನ್ನು ಗಂಡ ಹೊನ್ನೂರಪ್ಪ ಕರೆತಂದ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಸೋಂಕು ಇನ್ನೂ ಮೇಲೆ ಹತ್ತಿಲ್ಲ, ಕೂಸಿನ ಎದೆಬಡಿತ ಚೆನ್ನಾಗಿದೆ, ಆದರೂ ಜ್ವರ ಇರುವುದರಿಂದ ಎರಡು ದಿನ ಇರಲಿ ಎಂದು ಕಳಕಮ್ಮನ ಪಕ್ಕದ ಮಂಚವನ್ನೇ ಕೊಟ್ಟಳು. ಹುಲಗಮ್ಮನ ಹೆಬ್ಬೆರಳಲ್ಲಿ ಸುಣ್ಣ ಹಾಗೇ ಇತ್ತು.

"ಒರಸಿಕೊಂಡು ಬರಬಾರದೇನ?"

"ನೀವು ಹಚ್ಚಿಕೋ ಅಂದಿದ್ರಲ್ರಿ ಯಕ್ಕಾ. ನಾ ಹ್ಯಾಂಗ ಒರಸಲಿ?"

ಕಳಕಮ್ಮ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ಹುಡುಗಿಯ ಕಾಲನ್ನು ತನ್ನ ಮಂಚದ ಮೇಲೆ ಎಳೆದುಕೊಂಡಳು. ಸಲಾಯಿನ್ ಸೂಜಿ ಚುಚ್ಚಿದ ಕೈ ನೋಯುತ್ತಿತ್ತು. ಒಣಗಿದ ಸುಣ್ಣ ಉಗುರಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು, ಎಷ್ಟು ತಿಕ್ಕಿದರೂ ಪೂರಾ ಹೋಗಲೊಲ್ಲದು. ಆಮೇಲೆ ಅವಳ ಕೈಗೆ ಒಂದು ದೊಡ್ಡ ಲೋಟ ನೀರು ಕೊಟ್ಟು, ತನ್ನೆದುರಿಗೇ ಕುಡಿಸಿದಳು.

ಸ್ವಲ್ಪ ಹೊತ್ತಿಗೆ ಹುಲಗಮ್ಮ ಮಂಚದ ಮೇಲೆ ಅತ್ತಿತ್ತ ಹೊರಳಾಡತೊಡಗಿದಳು. ಏನೋ ಹೇಳಲು ಬಾಯಿ ತೆರೆಯುವಳು, ಕಳಕಮ್ಮನ ಮುಖ ನೋಡಿ ಮುಚ್ಚುವಳು.

"ಏನು ಹುಲಗಿ?"

"ಬೈಬ್ಯಾಡ್ರಿ ಯಕ್ಕಾ," ಎಂದು ಅವಳು ಮೆಲ್ಲಗೆ ಹೇಳಿದಳು. "ಒಂದಕ್ಕ ಬಂದೇತ್ರಿ. ಹೋಗ್ಲೇನ್ರಿ?"

ಗದ್ದೆಯಲ್ಲ, ಬದುವಲ್ಲ, ಹತ್ತು ಹೆಜ್ಜೆ ದೂರದಲ್ಲಿ ಬಾಗಿಲಿದ್ದ ಪಾಯಖಾನೆ. ಆದರೂ ಆ ಹುಡುಗಿ ಕೇಳುತ್ತಿದ್ದಳು. ಕಳಕಮ್ಮ ಸಲಾಯಿನ್ ಕಂಬವನ್ನು ಹಿಡಿದು ಎದ್ದಳು, ಇನ್ನೊಂದು ಕೈಯಲ್ಲಿ ಹುಲಗಮ್ಮನ ರಟ್ಟೆ ಹಿಡಿದು ನಡೆಸಿಕೊಂಡು ಹೋದಳು. ಹುಡುಗಿ ಒಳಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಅವಳು ಹೊರಬರುವ ತನಕ ಅಲ್ಲೇ ಕಾಯುತ್ತ ನಿಂತಳು.